ಹಿಂದಕ್ಕೆ ಬಿದ್ದ ಸೀಟು

ಕೇಕಿಗೆ ಏನೂ ಆಗಿರಲಿಲ್ಲ. ಮೂರಂತಸ್ತಿನ ಕೇಕು, ತುದಿಯ ಸಕ್ಕರೆ ಗುಲಾಬಿಯ ಒಂದು ಎಸಳೂ ಅಲುಗಿರಲಿಲ್ಲ. ಆಮೇಲೆ ಎಷ್ಟೋ ತಿಂಗಳು ಮನೆಗೆ ಬಂದವರಿಗೆಲ್ಲ ಅತ್ತೆ ಇದೊಂದನ್ನೇ ಹೇಳಿದರು: "ಕೇಕಿಗೆ ಏನೂ ಆಗ್ಲಿಲ್ಲ ನೋಡಿ. ನನ್ನ ಮಗಳ ಕೈ ಹೋಯ್ತು."

ಸೊಸೆ ಪಕ್ಕದ ಕೋಣೆಯಲ್ಲಿದ್ದರೂ ಅತ್ತೆ ದನಿ ತಗ್ಗಿಸುತ್ತಿರಲಿಲ್ಲ.

ಆ ಸೊಸೆಯನ್ನು ಬೀದಿಯವರೆಲ್ಲ ಬೇಕರಿಯಕ್ಕ ಎಂದೇ ಕರೆಯುತ್ತಿದ್ದರು. ಎತ್ತರಕ್ಕೆ ತಕ್ಕ ಗಾತ್ರ, ಗಾತ್ರಕ್ಕೆ ತಕ್ಕ ನಗು. ಅವಳು ಓವನ್ನಿನ ಮುಂದೆ ನಿಂತರೆ ಓವನ್ನೇ ಕಾಣುವುದಿಲ್ಲ ಎಂದು ಗಂಡ ತಮಾಷೆ ಮಾಡುತ್ತಿದ್ದ. ಗಂಡ ಮನೆಮನೆಗೆ ಹೋಗಿ ನೀರಿನ ಮೀಟರು ಓದುವವನು, ಮಾತು ಕಡಿಮೆ. ಅವನ ಪಾಲಿನ ಮಾತನ್ನೂ ಸೇರಿಸಿ ಆಡುತ್ತಿದ್ದವಳು ಅವನ ತಂಗಿ. ಶಾಲೆಯಲ್ಲಿ ಆಟದ ಟೀಚರು, ಕೊರಳಲ್ಲಿ ಸದಾ ಪೀಪಿ. ಹಾಗಾಗಿ ಮನೆಯಲ್ಲೂ ಶಾಲೆಯಲ್ಲೂ ಅವಳ ಹೆಸರೇ ಪೀಪಿ ಆಗಿಹೋಗಿತ್ತು. "ನಮ್ಮತ್ತಿಗೆ ಯೀಸ್ಟು ಹಾಕಿದ ಹಿಟ್ಟು ಕಣ್ರೀ, ಸುಮ್ಮನೆ ಮುಚ್ಚಿಟ್ರೂ ಉಬ್ಬುತ್ತಾಳೆ" ಎಂದು ಅವಳು ಹೇಳಿದರೆ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವಳು ಬೇಕರಿಯಕ್ಕನೇ. ಅವಳು ಮದುವೆಯಾಗಿ ಬಂದಾಗ ಪೀಪಿ ಇನ್ನೂ ಶಾಲೆಗೆ ಹೋಗುವ ಹುಡುಗಿ. ಅವಳಿಗೆ ಸೈಕಲ್ ಕಲಿಸಿದವಳು, ಈಜಲು ಹಟ ಹಿಡಿದಾಗ ಅತ್ತೆಯ ಕಣ್ಣು ತಪ್ಪಿಸಿ ಕಳಿಸಿದವಳು ಈ ಅತ್ತಿಗೆಯೇ.

ಕಾರು ಬೇಕರಿಯಕ್ಕನ ಸ್ವಂತ ದುಡಿಮೆಯದು. ಅವತ್ತು ಶಾಲೆಗೆ ರಜೆ. ದೊಡ್ಡ ಕೇಕೊಂದನ್ನು ಊರಿನ ಆಚೆ ತುದಿಗೆ ತಲುಪಿಸಬೇಕಿತ್ತು, ಇಳಿಸಲು ಇನ್ನೊಂದು ಜೊತೆ ಕೈ ಬೇಕೆಂದು ಪೀಪಿಯನ್ನೂ ಹೊರಡಿಸಿದಳು. ಪೀಪಿ ಮುಂದಿನ ಬಾಗಿಲಿಗೆ ಕೈ ಹಾಕಿದಾಗ, "ಏಯ್, ಅಲ್ಲಿ ಕೇಕು ಕೂರುತ್ತೆ. ನೀನು ಹಿಂದೆ ನನ್ನ ಬೆನ್ನಿಗೆ ಕೂತ್ಕೋ" ಎಂದಳು.

"ನಾದಿನಿಗಿಂತ ಕೇಕೇ ಹೆಚ್ಚಾಯ್ತಾ?"

"ಕೇಕು ಬಾಯಿ ಮುಚ್ಕೊಂಡು ಕೂತಿರುತ್ತೆ ನೋಡು, ಅದಕ್ಕೆ."

ನಗುತ್ತಲೇ ಹೊರಟರು. ದೊಡ್ಡ ರಸ್ತೆಯ ಸಿಗ್ನಲ್ಲಿನಲ್ಲಿ ಕೆಂಪು ದೀಪ ಬಿತ್ತು, ಬೇಕರಿಯಕ್ಕ ನಿಲ್ಲಿಸಿದಳು. ಹಿಂದಿನಿಂದ ತರಕಾರಿ ವ್ಯಾನೊಂದು ಬಂದು ತಾಗಿತು. ಗುದ್ದಿತು ಎಂದರೆ ದೊಡ್ಡ ಮಾತಾದೀತು. ಬಂಪರು ಒಂದಿಷ್ಟು ಒಳಕ್ಕೆ ಹೋಯಿತು ಅಷ್ಟೇ, ದೀಪದ ಗಾಜು ಕೂಡ ಒಡೆಯಲಿಲ್ಲ. ಆದರೆ ಸೊಂಟದ ಹತ್ತಿರ ಟಕ್ಕೆಂದು ಏನೋ ಮುರಿದಂಥ ಸದ್ದಾಯಿತು. ಮರುಕ್ಷಣ ಬೇಕರಿಯಕ್ಕನ ಕಣ್ಣೆದುರು ರಸ್ತೆ ಇರಲಿಲ್ಲ, ಕಾರಿನ ಚಾವಣಿ ಇತ್ತು. ಸೀಟಿನ ಬೆನ್ನು ಅವಳನ್ನು ಹೊತ್ತುಕೊಂಡೇ ಅಂಗಾತ ಹಿಂದಕ್ಕೆ ಬಿದ್ದಿತ್ತು. ಅದರ ಅಡಿಯಿಂದ ಪೀಪಿ ಕಿರುಚುತ್ತಿದ್ದಳು.

ಏಳೋಣವೆಂದರೆ ಬೆಲ್ಟು ಹೊಟ್ಟೆಗೆ ಬಿಗಿದಿತ್ತು. ಮೊಣಕೈ ಊರಿ ಮೇಲೇಳಲು ನೋಡಿದಷ್ಟೂ ಅವಳ ಭಾರವೆಲ್ಲ ಕೆಳಗೇ ಇಳಿಯುತ್ತಿತ್ತು. ಒದ್ದಾಡಿದಾಗಲೆಲ್ಲ ಕೆಳಗಿನ ಕೂಗು ಏರುತ್ತಿತ್ತು. ಕೊನೆಗೆ ಅವಳು ಅಲುಗಾಡದೆ, ಉಸಿರು ಹಿಡಿದು, ಯಾರಾದರೂ ಬರಲಿ ಎಂದು ಹಾಗೇ ಬಿದ್ದುಕೊಂಡಳು. ಆ ಹೊತ್ತು ಎಷ್ಟೆಂದು ಅವಳಿಗೆ ಆಮೇಲೆ ಯಾರು ಕೇಳಿದರೂ ಹೇಳಲಾಗಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಮುಚ್ಚುಮರೆ ಮಾಡಲಿಲ್ಲ. ಭುಜದ ಮೂಳೆ ಕೂಡುತ್ತದೆ. ಆದರೆ ಕುತ್ತಿಗೆಯಿಂದ ಬಲಗೈಗೆ ಇಳಿಯುವ ನರಗಳು ಜಗ್ಗಿ ಕಿತ್ತಿವೆ. ಬೇರೆ ಊರಿನ ದೊಡ್ಡ ಆಸ್ಪತ್ರೆಯಲ್ಲಿ ಕಾಲಿನ ನರ ತೆಗೆದು ಇಲ್ಲಿಗೆ ಜೋಡಿಸುತ್ತಾರೆ, ಖರ್ಚು ವಿಪರೀತ, ತಡವಾದಷ್ಟೂ ಕೈ ಬರುವ ಆಸೆ ಕಡಿಮೆ. ಪೀಪಿಯ ಬಲಗೈ ಜೋಳಿಗೆಯಂಥ ಪಟ್ಟಿಯಲ್ಲಿ ನೇತಾಡುತ್ತಿತ್ತು, ಯಾರೋ ಮರೆತು ಹೋದ ಸಾಮಾನಿನ ಹಾಗೆ. ಅವಳು ಅದನ್ನು ನೋಡುತ್ತಿರಲಿಲ್ಲ. ಅತ್ತಿಗೆಯನ್ನೂ ನೋಡುತ್ತಿರಲಿಲ್ಲ.

ಮನೆಯಲ್ಲಿ ಅತ್ತೆಯ ತೀರ್ಮಾನ ಎಂದೋ ಆಗಿಹೋಗಿತ್ತು. "ಸೀಟನ್ನ ಹಾಸಿಗೆ ಥರ ಒರಗಿಸ್ಕೊಂಡು ಓಡಿಸ್ತಾ ಇದ್ಲು. ಇಲ್ಲದಿದ್ರೆ ನಿಂತ ಕಾರಲ್ಲಿ ಸೀಟು ತಾನಾಗೇ ಬೀಳುತ್ತಾ?" ಗಂಡ ಏನೂ ಹೇಳಲಿಲ್ಲ, ಅವನು ಏನೂ ಹೇಳದೇ ಇದ್ದದ್ದೇ ಬೇಕರಿಯಕ್ಕನಿಗೆ ಚುಚ್ಚಿತು. ನಿಜಕ್ಕೂ ಒರಗಿಸಿದ್ದೆನೇ ಎಂದು ಅವಳಿಗೇ ಅನುಮಾನ ಬರತೊಡಗಿತು. ಬೆಳಿಗ್ಗೆ ಹಿಟ್ಟು ನಾದುವಾಗ ಬಲಗೈ ತಾನಾಗಿ ಸೊಂಟದ ಪಕ್ಕಕ್ಕೆ ಹೋಗಿ, ಅಲ್ಲಿಲ್ಲದ ಸೀಟಿನ ಹಿಡಿಯನ್ನು ತಡಕುತ್ತಿತ್ತು. ಕನ್ನಡಿಯ ಮುಂದೆ ನಿಲ್ಲುವುದನ್ನು ಬಿಟ್ಟಳು. ಊಟ ಅರ್ಧಕ್ಕಿಳಿಯಿತು. ಅಂಗಡಿಯ ಗಿರಾಕಿಯೊಬ್ಬಳು "ಸ್ವಲ್ಪ ಇಳಿದಿದ್ದೀರ, ಚೆನ್ನಾಗಿ ಕಾಣ್ತೀರ" ಎಂದಾಗ ಹಿಂದಿನ ಕೋಣೆಗೆ ಹೋಗಿ ಮೈದಾ ಮೂಟೆಯ ಮೇಲೆ ಕೂತು ಅತ್ತಳು.

ಒಂದು ದಿನ ಪೀಪಿಯನ್ನು ನೋಡಲು ಶಾಲೆಯ ಗೆಳತಿ ಬಂದಳು. ಜೊತೆಗೆ ಅವಳ ಅಕ್ಕನೂ ಬಂದಿದ್ದಳು. ಆಕೆ ವಕೀಲೆ. ಕನ್ನಡಕ, ಗಿಡ್ಡ ಕೂದಲು, ಚಹಾ ಕೊಟ್ಟರೆ ಆರುವ ತನಕ ಮರೆತುಬಿಡುವ ಸ್ವಭಾವ. ಎಲ್ಲ ಕೇಳಿಸಿಕೊಂಡು ಆಕೆ ಅಂದಳು, "ವ್ಯಾನಿನವನ ವಿಮೆಯಿಂದ ಇಲ್ಲಿಯ ಆಸ್ಪತ್ರೆ ಖರ್ಚು ಮಾತ್ರ ಬಂತು, ಸರಿ. ಆದರೆ ಅಷ್ಟು ಸಣ್ಣ ಡಿಕ್ಕಿಗೆ ಸೀಟು ಯಾಕೆ ಬಿತ್ತು?"

ಆ ಮನೆಯಲ್ಲಿ ಈ ಪ್ರಶ್ನೆಯನ್ನು ಇಲ್ಲಿಯ ತನಕ ಯಾರೂ ಕೇಳಿರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಬೇಕರಿಯಕ್ಕ ಹೊರಗೆ ಬಂದಳು.

"ಕಾರೆಲ್ಲಿದೆ?"

"ಗ್ಯಾರೇಜಲ್ಲಿ ಮುಚ್ಚಿಟ್ಟಿದೆ. ಅದನ್ನ ನೋಡೋಕಾಗಲ್ಲ ಅಂತ ಮಾರೋಕೆ ಹೇಳಿದ್ದೀನಿ" ಎಂದಳು ಬೇಕರಿಯಕ್ಕ.

"ಮಾರ್ಬೇಡಿ. ಯಾರೂ ಅದರ ಬಾಗಿಲು ಕೂಡ ತೆಗೀಬೇಡಿ."

ವಕೀಲೆ ಒಬ್ಬ ಎಂಜಿನಿಯರನ್ನು ಗೊತ್ತು ಮಾಡಿದಳು. ಅವನು ಸೀಟನ್ನು ಬಿಚ್ಚಿ, ಬೆನ್ನನ್ನು ಹಿಡಿದು ನಿಲ್ಲಿಸುವ ಹಲ್ಲುಚಕ್ರವನ್ನು ಹೊರತೆಗೆದ. ಅಂಗೈಯಗಲದ ತುಂಡು. ಅದರ ಹಲ್ಲುಗಳು ಮುರಿದಿರಲಿಲ್ಲ, ಬೆಣ್ಣೆಯಲ್ಲಿ ಮಾಡಿದ ಹಾಗೆ ಬಾಗಿ ಮಡಚಿಕೊಂಡಿದ್ದವು. ಎರಕ ಹೊಯ್ದ ಮೇಲೆ ಲೋಹವನ್ನು ಗಟ್ಟಿ ಮಾಡಲು ಕಾಯಿಸಬೇಕಾದಷ್ಟು ಕಾಯಿಸಿಲ್ಲ ಎಂದು ಅವನ ವರದಿ ಹೇಳಿತು. ಸೀಟು ನೆಟ್ಟಗೇ ಇತ್ತು, ಹಿಡಿ ಪೂರ್ತಿ ಬಿಗಿದೇ ಇತ್ತು ಎಂಬುದನ್ನೂ ಅದೇ ಹಲ್ಲುಗಳ ಗುರುತು ತೋರಿಸುತ್ತಿತ್ತು. ಬೇಯಿಸಿದ್ದು ಸಾಲದ್ದಕ್ಕೆ ಹೀಗಾಯಿತು ಎಂಬುದನ್ನು ಅರ್ಥಮಾಡಿಕೊಳ್ಳಲು ಬೇಕರಿಯಕ್ಕನಿಗೆ ಕಷ್ಟವಾಗಲಿಲ್ಲ. ಆದರೆ ಅತ್ತೆ ವರದಿಯನ್ನು ಕೇಳಿ, "ದುಡ್ಡು ಕೊಟ್ರೆ ಯಾರು ಬೇಕಾದ್ರೂ ಬರ್ಕೊಡ್ತಾರೆ" ಎಂದು ಎದ್ದುಹೋದರು.

ಕಾರು ಕಂಪನಿಯ ಮೇಲೆ ದಾವೆ ಹೂಡುವುದೆಂದಾಯಿತು. ಆಗ ವಕೀಲೆ ಇನ್ನೊಂದು ಮಾತು ಹೇಳಿದಳು. ಅದನ್ನು ಹೇಳುವ ಮುಂಚೆ, ಆರಿದ ಚಹಾವನ್ನು ಗಟಗಟ ಕುಡಿದಳು.

"ಕಂಪನಿಯವರು ತಪ್ಪೆಲ್ಲ ಓಡಿಸ್ತಿದ್ದವರದು ಅಂತಾರೆ. ಓಡಿಸಿದವರು ಕೇಸಲ್ಲೇ ಇಲ್ಲದಿದ್ರೆ ಅವರ ಮೇಲೆ ಹೊರಿಸಿಬಿಡೋದು ಸುಲಭ. ಆಗ ಪೀಪಿಗೆ ಏನೂ ಸಿಗಲ್ಲ. ಅದಕ್ಕೆ ಇಬ್ಬರ ಮೇಲೂ ಹಾಕ್ಬೇಕು. ಕಂಪನಿ ಒಂದನೇ ಪ್ರತಿವಾದಿ, ನೀವು ಎರಡನೇ ಪ್ರತಿವಾದಿ."

"ಅಂದ್ರೆ ಇವಳು ನನ್ನ ಮೇಲೆ ಕೇಸು ಹಾಕ್ತಾಳಾ?"

"ಕಾಗದದ ಮೇಲೆ ಮಾತ್ರ."

ಬೇಕರಿಯಕ್ಕ ಪೀಪಿಯ ಕಡೆ ನೋಡಿದಳು. ಪೀಪಿ ಕಿಟಕಿಯ ಆಚೆ ನೋಡುತ್ತಾ, "ಹಾಕಿ" ಎಂದಳು.

ಕೋರ್ಟಿನ ನೋಟಿಸು ಹಿಡಿದು ಬಂದ ಜವಾನ ಬಾಗಿಲು ತಟ್ಟಿದಾಗ ತೆಗೆದವಳು ಪೀಪಿಯೇ. ಅವನು ವಿಳಾಸ ನೋಡಿದ, ಹೆಸರು ನೋಡಿದ, ತಲೆ ಕೆರೆದುಕೊಂಡ. "ಅಮ್ಮಾ, ವಾದಿಯ ವಿಳಾಸವೂ ಇದೇ, ಪ್ರತಿವಾದಿಯ ವಿಳಾಸವೂ ಇದೇ. ಏನೋ ಟೈಪಿಂಗ್ ತಪ್ಪಾಗಿದೆ."

"ತಪ್ಪೇನಿಲ್ಲ. ವಾದಿ ನಾನೇ. ಪ್ರತಿವಾದಿ ಒಳಗೆ ನನಗೆ ಊಟ ಬಡಿಸ್ತಿದ್ದಾಳೆ, ಕರೀತೀನಿ ಇರಿ" ಎಂದಳು ಪೀಪಿ.

ಬೇಕರಿಯಕ್ಕ ಒದ್ದೆ ಕೈ ಒರೆಸಿಕೊಂಡು ಬಂದು ಸಹಿ ಹಾಕಿದಳು. ಜವಾನ ಇಬ್ಬರ ಮುಖವನ್ನೂ ಮಿಕಿಮಿಕಿ ನೋಡಿ, ಒಂದು ಲೋಟ ನೀರು ಕೂಡ ಕೇಳದೆ ಮೆಟ್ಟಿಲಿಳಿದ. ಅವನು ಹೋದ ಮೇಲೆ ಇಬ್ಬರಿಗೂ ಒಟ್ಟಿಗೇ ನಗು ಬಂತು. ಅಪಘಾತವಾದ ಮೇಲೆ ಅದೇ ಮೊದಲು. ಆದರೆ ನಗು ಮುಗಿದ ಕೂಡಲೇ ಪೀಪಿ ಮುಖ ತಿರುಗಿಸಿ ತನ್ನ ಕೋಣೆಗೆ ಹೋದಳು.

ವಿಚಾರಣೆ ಶುರುವಾಯಿತು. ಕೋರ್ಟಿನ ಕೋಣೆ ಕಿರಿದು, ಬೆಂಚುಗಳು ಗಟ್ಟಿ. ಬೇಕರಿಯಕ್ಕ ಸಾಕ್ಷಿ ಹೇಳುವ ದಿನ ಅತ್ತೆಯೂ ಬಂದಿದ್ದರು. ಕಂಪನಿಯ ವಕೀಲ ನಯವಾದ ಮನುಷ್ಯ. ದನಿಯೇರಿಸದೆ, ನಗುನಗುತ್ತಲೇ ಕೇಳಿದ.

"ನೀವು ಬೇಕರಿ ನಡೆಸ್ತೀರಿ, ಅಲ್ವಾ? ತೂಕದ ಲೆಕ್ಕ ನಿಮಗೆ ಚೆನ್ನಾಗಿ ಗೊತ್ತಿರಬೇಕು."

"ಗೊತ್ತು."

"ಹಾಗಾದ್ರೆ ಹೇಳಿ, ಅಪಘಾತದ ದಿನ ನಿಮ್ಮ ತೂಕ ಎಷ್ಟಿತ್ತು?"

ಕೋಣೆಯಲ್ಲಿ ಯಾರೋ ಕಿಸಕ್ಕೆಂದರು. ಪೀಪಿಯ ವಕೀಲೆ ಎದ್ದು ಆಕ್ಷೇಪಿಸಿದಳು. ನ್ಯಾಯಾಧೀಶೆ ವಯಸ್ಸಾದ ಹೆಂಗಸು. ಒಂದು ಗಳಿಗೆ ಯೋಚಿಸಿ, ಪ್ರಶ್ನೆಗೆ ಉತ್ತರ ಬೇಕು ಎಂದರು. ಮನೆಯಲ್ಲಿ ಬೇಕರಿಯಕ್ಕ ಅದೆಷ್ಟು ಸಲ ತನ್ನ ಮೈಯ ಬಗ್ಗೆ ಹಾಸ್ಯ ಮಾಡಿ ನಗಿಸಿದ್ದಳೋ; ಇಲ್ಲಿ ಒಂದೂ ಹೊಳೆಯಲಿಲ್ಲ. ಅತ್ತೆ ಮೂರನೇ ಬೆಂಚಿನಲ್ಲಿ ಕೂತು ತನ್ನನ್ನೇ ನೋಡುತ್ತಿದ್ದರು.

"ನೂರಾ ನಾಲ್ಕು ಕಿಲೋ" ಎಂದಳು.

"ಸ್ವಲ್ಪ ಜೋರಾಗಿ. ಟೈಪು ಮಾಡೋರಿಗೆ ಕೇಳಿಸ್ಬೇಕು."

"ನೂರಾ ನಾಲ್ಕು."

"ಥ್ಯಾಂಕ್ಯೂ. ಸೀಟನ್ನ ಸಾಮಾನ್ಯ ಮನುಷ್ಯರಿಗೆ ಅಂತ ಮಾಡ್ತಾರೆ. ಅದರ ಮೇಲೆ ದಿನಾ ಇಷ್ಟು ಭಾರ ಹೇರಿದ್ರೆ ಏನಾಗುತ್ತೆ ಅಂತ ನಿಮಗೆ ಯಾವತ್ತೂ ಅನಿಸ್ಲಿಲ್ವಾ?"

ಬೇಕರಿಯಕ್ಕ ಕಟಕಟೆಯ ಅಂಚು ಹಿಡಿದುಕೊಂಡಳು. "ಶೋರೂಮಲ್ಲಿ ಮಾರೋಕೆ ನಿಂತಿದ್ದವರೇ ನನ್ನನ್ನ ಆ ಸೀಟಲ್ಲಿ ಕೂರಿಸಿದ್ದು. ನಿಮಗೇ ಅಳತೆ ಕೊಟ್ಟು ಮಾಡಿಸಿದ ಹಾಗಿದೆ ಮೇಡಂ ಅಂದ್ರು. ದುಡ್ಡು ತಗೊಳ್ಳೋವಾಗ ಯಾರೂ ನನ್ನ ತಕ್ಕಡಿಗೆ ಹತ್ತಿಸ್ಲಿಲ್ಲ ಸ್ವಾಮಿ."

ಈ ಸಲ ಕೋಣೆಯಲ್ಲಿ ಎದ್ದ ನಗು ಬೇರೆ ಥರದ್ದು. ನ್ಯಾಯಾಧೀಶೆ ಕಂಪನಿಯ ವಕೀಲನ ಕಡೆ ತಿರುಗಿ, ಕಾರಿನ ಜೊತೆ ಕೊಡುವ ಪುಸ್ತಕದಲ್ಲಿ ಓಡಿಸುವವರ ತೂಕ ಇಷ್ಟರೊಳಗಿರಬೇಕು ಎಂದು ಎಲ್ಲಾದರೂ ಬರೆದಿದೆಯೇ ಎಂದು ಕೇಳಿದರು. ಅವನು ಕಾಗದ ತಿರುವಿ ಹಾಕಿ, ಇಲ್ಲ ಎಂದ.

ಬೇಕರಿಯಕ್ಕ ಹೊರಗೆ ಬಂದಳು. ವರಾಂಡದ ಕೊನೆಯ ನಲ್ಲಿಯಲ್ಲಿ ಮುಖಕ್ಕೆ ನೀರು ಎರಚಿಕೊಳ್ಳುತ್ತಿದ್ದಾಗ ಪಕ್ಕದಲ್ಲಿ ಯಾರೋ ನಿಂತರು. ತಿರುಗಿ ನೋಡಿದರೆ, ಪ್ರತಿ ವಿಚಾರಣೆಯಲ್ಲೂ ಹಿಂದಿನ ಬೆಂಚಿನಲ್ಲಿ ಒಬ್ಬನೇ ಕೂತಿರುತ್ತಿದ್ದ ಮನುಷ್ಯ. ಬಡಗಿಯಿರಬೇಕು, ಅಂಗಿಯ ಜೇಬಿನಲ್ಲಿ ಚಪ್ಪಟೆ ಪೆನ್ಸಿಲು, ತೋಳಿನ ಮೇಲೆ ಮರದ ಪುಡಿ.

"ಚೆನ್ನಾಗಿ ಹೇಳಿದ್ರಿ ಅಕ್ಕಾ."

"ನಿಮ್ಮ ಕೇಸೂ ಇಲ್ಲೇ ನಡೀತಿದೆಯಾ?"

"ಇಲ್ಲ. ನನ್ನದು ಮುಗಿದುಹೋಯ್ತು." ಅವನು ಅತ್ತಿತ್ತ ನೋಡಿದ. "ನಮ್ಮ ಮನೇಲೂ ಒಂದು ಕಾರಿತ್ತು. ನಿಮ್ಮಂಥದ್ದೇ. ನನ್ನ ಹೆಂಡತಿ ಓಡಿಸ್ತಿದ್ಲು, ಮಗಳು ಅವಳ ಹಿಂದೆ ಕೂತಿದ್ಲು."

ಬೇಕರಿಯಕ್ಕ ನಲ್ಲಿ ತಿರುಗಿಸಿ ನಿಲ್ಲಿಸಿದಳು.

"ಆಮೇಲೆ?"

"ಆಮೇಲಿಂದು ಹೇಳೋ ಹಾಗಿಲ್ಲ. ಕಂಪನಿಯವರು ಕೊಟ್ಟಿದ್ದಕ್ಕೆ ಸಹಿ ಹಾಕಿದ್ದೀನಿ. ಬಾಯಿ ಬಿಟ್ರೆ ಕೊಟ್ಟಿದ್ದೆಲ್ಲ ವಾಪಸ್ ತಗೋತಾರೆ. ಇಷ್ಟು ಹೇಳಿದ್ದೇ ಹೆಚ್ಚಾಯ್ತು." ಅವನು ಹೊರಟವನು ಎರಡು ಹೆಜ್ಜೆ ಹೋಗಿ ನಿಂತ. "ನನ್ನ ಹೆಂಡತಿ ನಿಮಗಿಂತ ಎಷ್ಟೋ ಸಣ್ಣಗಿದ್ದಾಳೆ ಅಕ್ಕಾ. ಅದನ್ನ ಹೇಳ್ಬೇಕು ಅನ್ನಿಸ್ತು."

ಮಗಳು ಈಗ ಹೇಗಿದ್ದಾಳೆ ಎಂದು ಕೇಳಲು ಬೇಕರಿಯಕ್ಕ ಬಾಯಿ ತೆರೆದಳು. ಅವನ ಮುಖ ನೋಡಿ ಕೇಳಲಿಲ್ಲ.

ಸ್ವಲ್ಪ ದಿನಕ್ಕೆ ಕಂಪನಿಯವರು ರಾಜಿಗೆ ಬಂದರು. ಆಪರೇಷನ್ನಿನ ಖರ್ಚೂ ಅದರ ಮೇಲೊಂದಿಷ್ಟೂ ಕೊಡುತ್ತಾರೆ. ತಪ್ಪು ತಮ್ಮದೆಂದು ಒಪ್ಪುವುದಿಲ್ಲ. ಕೇಸು ವಾಪಸಾಗಬೇಕು, ಸೀಟಿನ ವಿಷಯ ಯಾರೂ ಎಲ್ಲೂ ಮಾತಾಡಕೂಡದು. ಕಾಗದಕ್ಕೆ ವಾದಿಯ ಸಹಿಯೂ ಬೇಕು, ಎರಡನೇ ಪ್ರತಿವಾದಿಯ ಸಹಿಯೂ ಬೇಕು.

ವಕೀಲೆಯ ಕಚೇರಿಯಲ್ಲಿ ಪೀಪಿ ಎಡಗೈಯಲ್ಲಿ ಪೆನ್ನು ಹಿಡಿದು, ಅಂಕುಡೊಂಕಾಗಿ ಸಹಿ ಗೀಚಿ, ಕಾಗದವನ್ನು ಅತ್ತಿಗೆಯ ಕಡೆ ತಳ್ಳಿದಳು. ಬೇಕರಿಯಕ್ಕ ಪೆನ್ನು ಹಿಡಿದಳು. ಕಾಗದವನ್ನು ಒಂದು ಸಲ ಓದಿದಳು, ಇನ್ನೊಂದು ಸಲ ಓದಿದಳು. ಪೆನ್ನನ್ನು ಮೇಜಿನ ಮೇಲಿಟ್ಟಳು.

"ನಾನು ಹಾಕಲ್ಲ."

ಜೊತೆಗೆ ಬಂದಿದ್ದ ಗಂಡನಿಗೆ ತಾನು ಸರಿಯಾಗಿ ಕೇಳಿಸಿಕೊಂಡೆನೋ ಇಲ್ಲವೋ ಎನಿಸಿತು. "ಏನಂದೆ?"

"ಹಾಕಲ್ಲ ಅಂದೆ. ಇದೇ ಥರ ಇನ್ನೆಷ್ಟು ಜನ ಸಹಿ ಹಾಕಿದ್ದಾರೋ. ಕೋರ್ಟಲ್ಲಿ ಸಿಕ್ಕ ಆ ಬಡಗಿ ಅವತ್ತು ಸಹಿ ಹಾಕದೇ ಇದ್ದಿದ್ರೆ ನಾನು ಆ ಕಾರು ತಗೋತಿದ್ನಾ? ಪೀಪಿನ ಅದರಲ್ಲಿ ಕೂರಿಸ್ತಿದ್ನಾ?"

ಪೀಪಿ ಎದ್ದು ನಿಂತಳು. "ಅತ್ತಿಗೆ, ಡಾಕ್ಟರು ಏನು ಹೇಳಿದಾರೆ ಗೊತ್ತಲ್ವಾ? ನರ ಕಾಯಲ್ಲ. ಊರಿನವರ ಚಿಂತೆ ಊರಿನವರು ಮಾಡ್ಕೋತಾರೆ. ನನಗೆ ನನ್ನ ಕೈ ಬೇಕು."

"ಕೈ ಬರೋ ಹಾಗೆ ನಾನು ಮಾಡ್ತೀನಿ."

"ನೀನೇನು ಮಾಡ್ತೀಯ? ಬನ್ನು ಮಾಡ್ತೀಯ!" ಪೀಪಿಯ ದನಿ ಒಡೆಯಿತು. "ನಿಜ ಹೇಳು. ಊರಿನವರಿಗೋಸ್ಕರ ಅಲ್ಲ ಇದು. ನಿನ್ನ ತಪ್ಪಿಲ್ಲ ಅಂತ ನಿನಗೆ ಕೋರ್ಟಿನ ಬಾಯಲ್ಲಿ ಕೇಳ್ಬೇಕು. ಅಮ್ಮನ ಮುಂದೆ ಓದಿ ಹೇಳ್ಬೇಕು. ಅದಕ್ಕೆ ನನ್ನ ಕೈ ಕೊಡ್ತಿದ್ದೀಯ."

ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಬಡಗಿಯ ಮಗಳ ನೆನಪು ಎಷ್ಟಿತ್ತೋ, ಮೂರನೇ ಬೆಂಚಿನಲ್ಲಿ ಕೂತಿದ್ದ ಅತ್ತೆಯ ಕಣ್ಣೂ ಅಷ್ಟೇ ಇತ್ತು. ಎರಡನ್ನೂ ಬಿಡಿಸಿ ಇದಕ್ಕಿಷ್ಟು ಅದಕ್ಕಿಷ್ಟು ಎಂದು ತೂಗಿ ಹೇಳಲು ಬೇಕರಿಯಕ್ಕನಿಂದಾಗುತ್ತಿರಲಿಲ್ಲ.

"ಎರಡೂ ಇದೆ" ಎಂದಳು. "ಆದ್ರೂ ಹಾಕಲ್ಲ."

ಅವತ್ತಿನಿಂದ ಮನೆ ಮಸಣದಂತಾಯಿತು. ಅತ್ತೆ ಅವಳು ಬಡಿಸಿದ್ದನ್ನು ಮುಟ್ಟುವುದು ಬಿಟ್ಟರು. ಪೀಪಿ ಗೆಳತಿಯ ಮನೆಗೆ ಹೋಗಿ ಉಳಿದಳು. ಗಂಡ ಮಾತ್ರ ಒಂದು ಸಂಜೆ ಅಂಗಡಿಗೆ ಬಂದು, ಗಿರಾಕಿಗಳು ಕರಗುವ ತನಕ ಮೂಲೆಯಲ್ಲಿ ನಿಂತಿದ್ದು, ಕೇಳಿದ: "ಸೀಟು ನೆಟ್ಟಗೇ ಇತ್ತಾ?"

"ನೆಟ್ಟಗೇ ಇತ್ತು ರೀ."

"ಇದನ್ನ ನಾನು ಅವತ್ತೇ ಕೇಳ್ಬೇಕಿತ್ತು" ಎಂದ ಅವನು. ಆಮೇಲೆ ಪೊರಕೆ ತೆಗೆದುಕೊಂಡು ನೆಲ ಗುಡಿಸತೊಡಗಿದ. ಅದು ಅವನು ಯಾವತ್ತೂ ಮಾಡದ ಕೆಲಸ. ಅವಳು ಬೇಡವೆನ್ನಲಿಲ್ಲ.

ಕೈ ಬರುವ ಹಾಗೆ ಮಾಡುತ್ತೇನೆ ಎಂದದ್ದು ಬೇಕರಿಯಕ್ಕನ ಬರಿಯ ಬಾಯಿಮಾತಾಗಿರಲಿಲ್ಲ. ಆದರೆ ಅವಳ ಹತ್ತಿರ ಇದ್ದದ್ದು ಬೇಕರಿಯೊಂದೇ. ಮಾರಿದಳು. ಅಂಗಡಿ, ಗಾಜಿನ ಬೀರುಗಳು, ಹಿಟ್ಟು ಕಲಸುವ ಯಂತ್ರ, ಕೊನೆಗೆ ಓವನ್ನು. ಕೊಂಡವನು ಎದುರು ಬೀದಿಯ ದೊಡ್ಡ ಬೇಕರಿಯವನೇ. ಗಿರಾಕಿ ಹುಡುಕಲು, ಚೌಕಾಸಿ ಮುಗಿಯಲು, ಕಾಗದಪತ್ರ ಆಗಲು ಕಾಲ ಹಿಡಿಯಿತು, ಅವಳು ಎಣಿಸಿದ್ದಕ್ಕಿಂತ ಹೆಚ್ಚೇ. ಓವನ್ನನ್ನು ಸಾಗಿಸಲು ಗೋಡೆಯನ್ನೇ ಒಡೆಯಬೇಕಾಯಿತು. ಇಟ್ಟಿಗೆ ಬೀಳುವ ಸದ್ದು ಕೇಳುತ್ತಾ ಅವಳು ಬೀದಿಯಲ್ಲಿ ನಿಂತಿದ್ದಳು. ಹಾದುಹೋಗುವವರು ಏನಾಯಿತೆಂದು ಕೇಳಿದರೆ "ಹೊಸದು ಬರುತ್ತೆ" ಎಂದು ಸುಳ್ಳು ಹೇಳಿದಳು. ಮುಂದಿನ ವಾರದಿಂದ ಅದೇ ಓವನ್ನಿನ ಮುಂದೆ, ಇನ್ನೊಬ್ಬರ ಅಂಗಡಿಯಲ್ಲಿ, ಸಂಬಳಕ್ಕೆ ನಿಂತಳು.

ಹಣ ಯಾವುದರಿಂದ ಬಂತೆಂದು ತಿಳಿದಾಗ ಪೀಪಿ ಬೇಡವೆಂದಳು. ಅಣ್ಣ ಗೆಳತಿಯ ಮನೆಗೆ ಹೋಗಿ ಬಾಗಿಲಲ್ಲೇ ನಿಂತು, ಬದುಕಿನಲ್ಲಿ ಒಮ್ಮೆ ಮಾತ್ರ ತಂಗಿಯ ಮೇಲೆ ರೇಗಿದ. "ಸಿಟ್ಟು ಆಮೇಲೆ ಮಾಡ್ಕೋ. ಮೊದಲು ಬ್ಯಾಗು ತುಂಬು."

ಆಪರೇಷನ್ ನಡೆಯಿತು. ಕೈ ಎಷ್ಟು ಬರುತ್ತದೋ ಕಾದೇ ನೋಡಬೇಕು, ಇನ್ನಷ್ಟು ಬೇಗ ಬಂದಿದ್ದರೆ ಒಳ್ಳೆಯದಿತ್ತು ಎಂದರು ಅಲ್ಲಿನ ಡಾಕ್ಟರು. ಆ ಮಾತು ಹೇಳಿದಾಗ ಬೇಕರಿಯಕ್ಕ ಕೋಣೆಯಲ್ಲೇ ಇದ್ದಳು. ಯಾರೂ ಅವಳ ಕಡೆ ತಿರುಗಲಿಲ್ಲ, ತಿರುಗುವ ಅಗತ್ಯವೂ ಇರಲಿಲ್ಲ.

ತೀರ್ಪು ಬರುವ ಹೊತ್ತಿಗೆ ಪೀಪಿ ಮೊಣಕೈಯನ್ನು ಮಡಚತೊಡಗಿದ್ದಳು. ಬೆರಳುಗಳು ಮಾತ್ರ ಏನು ಮಾಡಿದರೂ ಅಲುಗುತ್ತಿರಲಿಲ್ಲ. ಅವಳು ಮನೆಗೆ ವಾಪಸಾಗಿದ್ದಳು, ಅತ್ತಿಗೆಯ ಜೊತೆ ಬೇಕಾದಷ್ಟೇ ಮಾತು. ತೀರ್ಪಿನ ಪ್ರತಿ ಕೈಸೇರಿದ ದಿನ ಅವಳೇ ಅದನ್ನು ಊಟದ ಮೇಜಿನ ಮೇಲಿಟ್ಟು, ಎಡಗೈಯಲ್ಲಿ ಹಾಳೆ ತಿರುವುತ್ತಾ ತಾಯಿಗೆ ಓದಿ ಹೇಳಿದಳು. ಸೀಟಿನ ಹಲ್ಲುಚಕ್ರ ದೋಷದ್ದು. ಹೊಣೆ ಪೂರ್ತಿ ಕಂಪನಿಯದು. ಆ ಮಾದರಿಯ ಕಾರುಗಳನ್ನೆಲ್ಲ ಕರೆಸಿ ಸೀಟು ಬದಲಿಸಬೇಕು. "ಎರಡನೇ ಪ್ರತಿವಾದಿಯ ಕಡೆಯಿಂದ ಯಾವ ತಪ್ಪೂ ಆಗಿಲ್ಲ. ಆಕೆಯ ದೇಹದ ತೂಕಕ್ಕೂ ಈ ಅವಘಡಕ್ಕೂ ಸಂಬಂಧವಿಲ್ಲ."

"ಇನ್ನೊಂದ್ಸಲ ಓದು" ಎಂದರು ಅತ್ತೆ.

ಪೀಪಿ ಓದಿದಳು. ಅತ್ತೆ ಬಹಳ ಹೊತ್ತು ಮೇಜಿನ ಬಟ್ಟೆಯ ಸುಕ್ಕನ್ನು ಸವರುತ್ತಾ ಕೂತರು. ಆಮೇಲೆ ಎದ್ದು, ಅಡುಗೆಮನೆಗೆ ಹೋಗಿ, ತಟ್ಟೆಯೊಂದಕ್ಕೆ ಬಡಿಸಿ ತಂದು ಸೊಸೆಯ ಮುಂದಿಟ್ಟರು. "ಆರುತ್ತೆ, ತಿನ್ನು." ಕ್ಷಮೆ ಕೇಳುವುದು ಅವರಿಗೆ ಗೊತ್ತಿರಲಿಲ್ಲ. ಬೇಕರಿಯಕ್ಕ ತಿಂದಳು. ಇಷ್ಟು ದಿನ ಕಾದದ್ದು ಈ ಗಳಿಗೆಗೇ ತಾನೇ ಎಂದುಕೊಂಡಳು. ಆದರೆ ಕಣ್ಣು ಮಾತ್ರ ಪೀಪಿಯ ಅಲುಗದ ಬೆರಳುಗಳ ಮೇಲಿತ್ತು.

ಕಂಪನಿಯವರು ಮೇಲಿನ ಕೋರ್ಟಿಗೆ ಹೋದರು. ಪರಿಹಾರದ ಹಣಕ್ಕೆ ತಡೆ ಬಿತ್ತು, ಅದು ಇವತ್ತಿಗೂ ಹಾಗೇ ಇದೆ. ಸೀಟು ಬದಲಿಸುವ ಆದೇಶಕ್ಕೆ ಮಾತ್ರ ತಡೆ ಸಿಗಲಿಲ್ಲ. ಪತ್ರಿಕೆಗಳಲ್ಲಿ ಸುದ್ದಿ ಬಂದ ಮೇಲೆ ಜನ ತಾವಾಗಿಯೇ ಕಾರುಗಳನ್ನು ಸರ್ವೀಸ್ ಸೆಂಟರುಗಳ ಮುಂದೆ ಸಾಲಾಗಿ ತಂದು ನಿಲ್ಲಿಸಿದರು. ಹಿಂದಿನ ಬೆಂಚಿನ ಬಡಗಿಯನ್ನು ಬೇಕರಿಯಕ್ಕ ಮತ್ತೆ ನೋಡಲಿಲ್ಲ.

ಪೀಪಿ ಶಾಲೆಗೆ ಮರಳಿದಳು. ಆಟ ಹೇಳಿಕೊಡುವ ಕೆಲಸ ಅರ್ಧ ಮಾತ್ರ ಉಳಿಯಿತು, ಉಳಿದ ಹೊತ್ತು ಗ್ರಂಥಾಲಯದಲ್ಲಿ. ಒಂದು ಭಾನುವಾರ ಬೇಕರಿಯಕ್ಕ ಒಗೆದ ಬಟ್ಟೆ ಒಣಹಾಕುತ್ತಿದ್ದಾಗ ಅವಳು ಮಹಡಿಗೆ ಬಂದಳು. ಬಕೆಟ್ಟಿನಿಂದ ಒಂದೊಂದೇ ಬಟ್ಟೆಯನ್ನು ಎಡಗೈಯಲ್ಲಿ ಎತ್ತಿ ಕೊಡತೊಡಗಿದಳು.

"ಅತ್ತಿಗೆ, ನೀನು ಅವತ್ತು ಸಹಿ ಹಾಕಿದ್ದಿದ್ರೆ ಬೆರಳು ಬರ್ತಿತ್ತೇನೋ ಅಂತ ಈಗಲೂ ಅನ್ಸುತ್ತೆ."

ಬೇಕರಿಯಕ್ಕ ಹಿಂಡಿದ ಅಂಗಿಯನ್ನು ಕೈಯಲ್ಲೇ ಹಿಡಿದು ನಿಂತಳು. "ನನಗೂ ಅನ್ಸುತ್ತೆ."

"ದಿನಾನಾ?"

"ದಿನಾ."

ಪೀಪಿ ತಲೆಯಾಡಿಸಿದಳು. ಸಮಾಧಾನ ಹೇಳಲು ಅವಳು ಬಂದಿರಲಿಲ್ಲ, ಜಗಳಕ್ಕೂ ಬಂದಿರಲಿಲ್ಲ. ಬಕೆಟ್ಟಿಗೆ ಬಗ್ಗಿ ಇನ್ನೊಂದು ಬಟ್ಟೆ ಎತ್ತಿದಳು. ಅದು ಹಾಸಿಗೆಯ ದೊಡ್ಡ ಹೊದಿಕೆ, ನೀರು ಕುಡಿದು ಭಾರವಾಗಿತ್ತು, ಒಂದೇ ಕೈಗೆ ಬರಲಿಲ್ಲ. ಬೇಕರಿಯಕ್ಕ ಅದರ ಇನ್ನೊಂದು ತುದಿಯನ್ನು ಹಿಡಿದಳು.